ಹೆಂಡತಿಯ ಎದುರಿಗೇ ಕೇಳುವ ಮಾತು

ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ನಮ್ಮ ಮನೆಯವರ ಎಡಕ್ಕೂ ಬಲಕ್ಕೂ ಎಲೆಗಳು ಖಾಲಿ ಉಳಿಯುತ್ತಿದ್ದವು. ಯಾರೊಂದಿಗೂ ಜಗಳವಿರಲಿಲ್ಲ. ಪಕ್ಕದಲ್ಲಿ ಕೂತರೆ, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಇವರು ತಿರುಗಿ, "ಅಲ್ರೀ, ನಾಳೆ ನೀವಿಲ್ಲಂದ್ರ ಮನ್ಯಾಗಿನವರು ಹೆಂಗ್ರಿ?" ಎಂದು ಕೇಳಿಬಿಟ್ಟಾರು ಎಂಬ ಭಯ. ಇವರು ಊಟದ ಹೊತ್ತಿನಲ್ಲಿ ಆ ಮಾತು ಎಂದೂ ಎತ್ತಿದವರಲ್ಲ. ಆದರೆ ಹೆಸರು ಒಮ್ಮೆ ಬಿತ್ತೆಂದರೆ ಬಿತ್ತು. ಹೈದರಾಬಾದಿನಲ್ಲಿ ನೆಲೆ ನಿಂತ ನಮ್ಮ ಬೀದರ, ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಬರೀ ಸೂರ್ಯಕಾಂತ ಎಂದರೆ ಯಾರಪ್ಪಾ ಎಂದು ಯೋಚಿಸುತ್ತಿದ್ದರು. "ಸಾಯೋ ಮಾತಿನ ಸೂರ್ಯಕಾಂತ" ಎಂದರೆ ಸಾಕು, ಮಕ್ಕಳಿಗೂ ಗೊತ್ತಾಗುತ್ತಿತ್ತು.

ನಾನು ಆ ಸೂರ್ಯಕಾಂತರ ಹೆಂಡತಿ ರಶ್ಮಿ. ಕಾಚಿಗುಡದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾಗುತ್ತಿದ್ದರು, ಸಂಬಳ ಮಾತ್ರ ಹೇಗೋ ಬರುತ್ತಿತ್ತು. ನಮ್ಮ ಮನೆ ನಡೆದದ್ದು ಆ ಸಂಬಳದ ಮೇಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇವರು ಜನರಿಗೆ ಹಣದ ದಾರಿ ತೋರಿಸುತ್ತಿದ್ದರು ಎಂದಾಗ ಕೇಳಿದವರೆಲ್ಲ ನಮ್ಮ ಮನೆಯಲ್ಲಿ ಹಣದ ಹೊಳೆ ಹರಿಯುತ್ತಿತ್ತು ಎಂದುಕೊಳ್ಳುತ್ತಾರೆ.

ಮೊದಲು ಇವರು ಇಂಜಿನಿಯರ್. ಬಾಲಾನಗರದ ಕಡೆ ಒಂದು ಬಾಯ್ಲರ್ ಕಾರ್ಖಾನೆಯಲ್ಲಿ ಪರೀಕ್ಷೆ ವಿಭಾಗ ಇವರದು. ಬಾಯ್ಲರ್ ಎಂದರೆ ನೀರು ಕಾಯಿಸಿ ಹಬೆ ಮಾಡುವ ದೊಡ್ಡ ಉಕ್ಕಿನ ಹಂಡೆ. ಅದು ಕಾರ್ಖಾನೆ ಬಿಡುವ ಮೊದಲು ಅದಕ್ಕೆ ತಣ್ಣೀರು ತುಂಬಿ, ಮುಂದೆ ಅದು ತಡೆಯಬೇಕಾದ ಒತ್ತಡದ ಒಂದೂವರೆ ಪಟ್ಟು ಒತ್ತಡ ಹಾಕಿ ನಿಲ್ಲಿಸುತ್ತಾರಂತೆ. ಆಗ ಇವರು ಬ್ಯಾಟರಿ ಹಿಡಿದು ಬೆಸುಗೆಯ ಗೆರೆಗಳನ್ನು ನೋಡುತ್ತ ಅದರ ಸುತ್ತ ತಿರುಗುವುದು. ಎಲ್ಲಾದರೂ ಒಂದು ಹನಿ ಒಸರಿದರೂ ಹಂಡೆ ವಾಪಸ್. ಮ್ಯಾನೇಜರು ಕೂಗಾಡಲಿ, ಲಾರಿ ಗೇಟಿನಲ್ಲಿ ಕಾಯುತ್ತಿರಲಿ, ಇವರು ಸೈ ಮಾಡುತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಇವರು ಸೈ ಮಾಡಿದ ಒಂದು ಬಾಯ್ಲರೂ ಎಲ್ಲಿಯೂ ಒಡೆಯಲಿಲ್ಲ. ಒಡೆಯದೆ ಇದ್ದುದಕ್ಕೆ ಯಾರೂ ಹಾರ ಹಾಕಲಿಲ್ಲ ಎನ್ನಿ.

ಆ ಕೆಲಸ ಬಿಡಿಸಿದ್ದು ಗುರುಸಿದ್ದಪ್ಪನವರ ಸಾವು. ಅದೇ ಕಾರ್ಖಾನೆಯಲ್ಲಿ ಫೋರ್‌ಮನ್, ಹುಮನಾಬಾದಿನವರು, ಭಾರೀ ಚುರುಕು ಮನುಷ್ಯ. ಮೇಡ್ಚಲ್ ಕಡೆ ಪ್ಲಾಟು ಹಿಡಿದಿದ್ದೇನೆ, ಚೀಟಿ ಕಟ್ಟುತ್ತಿದ್ದೇನೆ, ಇಂಥವರಿಗೆ ಬಡ್ಡಿಗೆ ಕೊಟ್ಟಿದ್ದೇನೆ ಎಂದು ಕ್ಯಾಂಟೀನಿನಲ್ಲಿ ಹೇಳಿಕೊಳ್ಳುತ್ತಿದ್ದರು. "ಮನ್ಯಾಗ ಹೇಳೀರೇನ್ರಿ?" ಎಂದರೆ "ಹೆಣಮಕ್ಕಳಿಗ್ಯಾಕ್ರಿ ಈ ಯವ್ವಾರ?" ಎಂದು ನಗುತ್ತಿದ್ದರು. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಪ್ಲಾಟು ಎಲ್ಲಿದೆ, ಚೀಟಿ ಯಾರ ಬಳಿ, ಬಡ್ಡಿಯವರು ಯಾರು, ಎಲ್ಲವೂ ಅವರ ಜೊತೆಗೇ ಹೋಯಿತು. ಸಾಲ ಕೊಟ್ಟವರು ಮಾತ್ರ ಮೂರನೆಯ ದಿನವೇ ಬಾಗಿಲಿಗೆ ಬಂದರು. ಅವರ ಹೆಂಡತಿ ತುಳಸಾಬಾಯಿ ಪಿಎಫ್ ಆಫೀಸಿನ ಮೆಟ್ಟಿಲ ಮೇಲೆ ಕೂತು ಇವರನ್ನು ಕೇಳಿದರಂತೆ, "ಸಾಹೇಬ್ರ, ಇವರು ನನಗೇನರ ಇಟ್ಟಾರೇನ್ರಿ? ನಿಮ್ಮ ಮುಂದೇನರ ಹೇಳಿದ್ರೇನ್ರಿ?"

ಒಂದು ವರ್ಷದ ಮೇಲೆ ಇವರು ಆ ಹೆಂಗಸನ್ನು ಅಮೀರ್‌ಪೇಟೆಯ ಒಂದು ಹಾಸ್ಟೆಲ್ಲಿನಲ್ಲಿ ಕಂಡರು. ಆಗ ಊರಿಗೂರೇ ಕಂಪ್ಯೂಟರ್ ಕಲಿಯಲು ಅಮೀರ್‌ಪೇಟೆಗೆ ಬಂದು ಬೀಳುತ್ತಿತ್ತು. ಒಂದೊಂದು ಕೋಣೆಗೆ ಆರೆಂಟು ಹುಡುಗರು, ಅವರಿಗೆಲ್ಲ ಅಡುಗೆಯವರು ಬೇಕಿತ್ತು. ತುಳಸಾಬಾಯಿ ಹೊಗೆಯಲ್ಲಿ ಕೂತು ಚಪಾತಿ ಲಟ್ಟಿಸುತ್ತಿದ್ದವರು ಇವರನ್ನು ನೋಡಿ ಹಿಟ್ಟಿನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರಂತೆ. ಅಂದು ಇವರು ಮನೆಗೆ ಬಂದು ಊಟ ಮಾಡಲಿಲ್ಲ.

"ಇಷ್ಟು ವರ್ಷ ಉಕ್ಕಿನ ಹಂಡೆ ಒಡೀಬಾರದಂತ ನೋಡಿದೆ ರಶ್ಮಿ," ಎಂದರು. "ಪಕ್ಕದಾಗಿನ ಮನಿ ಒಡದದ್ದು ಕಾಣಲಿಲ್ಲ."

ಹೀಗೆ ಶುರುವಾದದ್ದು. ಅಬಿಡ್ಸ್‌ಗೆ ಹೋಗಿ ದಪ್ಪ ದಪ್ಪ ಪುಸ್ತಕ ತಂದರು. ವಿಮೆ, ಸಾಲ, ತೆರಿಗೆ, ಉಯಿಲು. ಎರಡು ವರ್ಷ ಓದಿ ಹಣಕಾಸು ಯೋಜನೆಯ ಪರೀಕ್ಷೆ ಪಾಸು ಮಾಡಿ, ಎರಡು ಸಾವಿರದ ಮೂರರಲ್ಲಿ ಕಾರ್ಖಾನೆಗೆ ರಾಜೀನಾಮೆ ಕೊಟ್ಟರು. ನಾನು ಸುಮ್ಮನಿದ್ದೆ ಎಂದು ಬರೆದರೆ ನಮ್ಮ ಓಣಿಯವರು ನಕ್ಕಾರು. ಪಾತ್ರೆ ಎತ್ತಿ ಕುಕ್ಕಿದೆ, ತವರಿಗೆ ಫೋನು ಮಾಡಿದೆ. ನಮ್ಮಪ್ಪ ಬೀದರಿನಿಂದಲೇ ನಗೆಯಾಡಿದರು: "ಜಗತ್ತೆಲ್ಲ ಕಂಪ್ಯೂಟರ್ ಕಡಿ ಓಡಾಕತ್ತೈತಿ, ನಮ್ಮ ಅಳಿಯ ಪಾಲಿಸಿ ಚೀಲ ಹಿಡಕೊಂಡು ಹಿಂದಕ್ಕ ಹೊಂಟಾನಲ್ಲ!"

"ನೀವೂ ಒಂದು ಕಂಪ್ಯೂಟರ್ ಕೋರ್ಸ್ ಮಾಡ್ರಿ," ಎಂದೆ ನಾನೂ. "ನಿಮ್ಮ ಕಾರ್ಖಾನ್ಯಾಗಿನ ಪೋರಗೋಳೆಲ್ಲ ಮಾಡಿ ಹೋದ್ರು."

"ಒಂದು ಮನಿ, ರಶ್ಮಿ," ಎಂದರು ಇವರು. "ಯಜಮಾನ ಹೋದ ಮ್ಯಾಲ ಒಂದೇ ಒಂದು ಮನಿ ನನ್ನಿಂದ ಬೀಳದಂಗ ನಿಂತ್ರ ಸಾಕು. ನಾ ಕಾರ್ಖಾನಿ ಬಿಟ್ಟಿದ್ದು ಸರಿ ಆತು ಅಂತ ತಿಳ್ಕೋತೀನಿ."

"ಹಂಗಂದ್ರ ಯಾರರ ಒಬ್ಬರು ಸಾಯೋತನಕ ನೀವು ಕಾಯಬೇಕಲ್ರಿ," ಎಂದು ಸಿಟ್ಟಿನಲ್ಲಿ ಅಂದೆ. ನನಗೆ ಉತ್ತರ ಬೇಕಿರಲಿಲ್ಲ, ಸಿಟ್ಟು ಕಾರಿಕೊಂಡರೆ ಸಾಕಾಗಿತ್ತು.

ಆ ವರ್ಷಗಳು ಹೈದರಾಬಾದಿನಲ್ಲಿ ಇದ್ದವರಿಗೆ ನೆನಪಿರಬೇಕು. ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಏಳಿಸುತ್ತಿದ್ದರು. ನಿನ್ನೆ ಮೊನ್ನೆ ಹಾಸ್ಟೆಲ್ಲಿನಲ್ಲಿ ಮೊಸರಿಗೆ ನೀರು ಬೆರೆಸಿ ಉಣ್ಣುತ್ತಿದ್ದ ಹುಡುಗರು ಇವತ್ತು ಫ್ಲಾಟು ಬುಕ್ ಮಾಡುತ್ತಿದ್ದರು. ಅವರ ಹಿಂದೆ ಏಜೆಂಟರ ದಂಡು. ಪಾನ್ ಅಂಗಡಿಯ ಮುಂದೆ ನಿಂತು ಭುಜದ ಮೇಲೆ ಕೈ ಹಾಕಿ, ಐದು ವರ್ಷದಲ್ಲಿ ಎರಡು ಪಟ್ಟು, ಏಳು ವರ್ಷದಲ್ಲಿ ಮೂರು ಪಟ್ಟು ಎಂದು ಸೈ ಹಾಕಿಸಿಕೊಂಡು ಹೋಗುವರು. ನಮ್ಮ ಮನೆಯವರು ಹಾಗಲ್ಲ. ಗಂಡ ಒಬ್ಬನೇ ಸಿಕ್ಕರೆ ಮಾತೇ ಆಡುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಎದುರಿಗೆ ಕೂತುಕೊಳ್ಳಬೇಕು. ಇವರು ಆ ಒಂದು ಪ್ರಶ್ನೆ ಕೇಳಬೇಕು. ಉತ್ತರವನ್ನು ಮೊದಲು ಹೆಂಡತಿ ಹೇಳಬೇಕು, ಗಂಡನಲ್ಲ. ಅವಳು ಎಲ್ಲಿ ಇರುತ್ತೇನೆ, ಮಕ್ಕಳನ್ನು ಹೇಗೆ ಸಾಕುತ್ತೇನೆ ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಲೆಕ್ಕ.

"ಬಾಯ್ಲರ್‌ನ ತಣ್ಣೀರಿನಾಗ ಪರೀಕ್ಷೆ ಮಾಡ್ಬೇಕು," ಎನ್ನುತ್ತಿದ್ದರು. "ಕುದಿಯೋ ಹೊತ್ತಿನಾಗ ಮಾಡಾಕ ಬರಂಗಿಲ್ಲ."

ಉಕ್ಕಿಗೆ ಸರಿ. ಆದರೆ ನಮ್ಮ ಹೆಣ್ಣುಮಕ್ಕಳು ಉಕ್ಕೇ? ಗಂಡ ಕೆಮ್ಮಿದರೆ ತಾಳಿ ಕಣ್ಣಿಗೆ ಒತ್ತಿಕೊಳ್ಳುವವರು, "ಹೋಗ್ತೀನಿ" ಅನ್ನಬ್ಯಾಡ್ರಿ "ಬರ್ತೀನಿ" ಅನ್ರಿ ಎಂದು ಬಾಗಿಲಲ್ಲಿ ತಿದ್ದುವವರು. ಅಂಥವರನ್ನು ಕೂಡಿಸಿ "ಇವರು ಸತ್ರ ನೀವು ಎಲ್ಲಿರ್ತೀರವ್ವಾ?" ಎಂದು ಕೇಳಿದರೆ? ಅರ್ಧ ಮನೆಗಳಲ್ಲಿ ಅತ್ತೆಯಂದಿರು "ಬಿಡ್ತು ಅನ್ರಿ! ಬಿಡ್ತು ಅನ್ರಿ!" ಎಂದು ಎದ್ದು ನಿಲ್ಲುತ್ತಿದ್ದರು. ಉಳಿದರ್ಧ ಮನೆಗಳಲ್ಲಿ ಹೆಂಡತಿ ಅಳುತ್ತ ಒಳಗೆ ಹೋದರೆ ಹೊರಗೆ ಬರುತ್ತಿರಲಿಲ್ಲ. ಹೆಂಗಸೊಬ್ಬಳು ಜೊತೆಗಿದ್ದರೆ ಹೆಂಗಸರು ಮಾತಾಡುತ್ತಾರೆ ಎಂದು ಇವರು ರವಿವಾರಗಳಲ್ಲಿ ನನ್ನನ್ನೂ ಎಳೆದೊಯ್ಯುತ್ತಿದ್ದರು. "ಮಕ್ಕಳಿಲ್ಲದವ ಮಂದಿ ಮಕ್ಕಳ ಚಿಂತಿ ಯಾಕ ಮಾಡ್ತಾನ?" ಎಂದು ಒಳಮನೆಯಲ್ಲಿ ಆಡಿಕೊಂಡದ್ದು ನನ್ನ ಕಿವಿಗೆ ಬಿದ್ದಿದೆ. ನಮಗೆ ಮಕ್ಕಳಾಗಿರಲಿಲ್ಲ ನಿಜ. ಅದನ್ನು ನನಗೆ ಕೇಳುವಂತೆ ಆಡಬೇಕಾಗಿರಲಿಲ್ಲ.

ಕೂಲಿಯಾದರೂ ಸಿಕ್ಕಿತೇ? ಕಮಿಷನ್ ಹೆಚ್ಚು ಬರುವ ಪಾಲಿಸಿಗಳನ್ನು ಇವರು ಮುಟ್ಟುತ್ತಿರಲಿಲ್ಲ, ಸಲಹೆಗೆ ಫೀಸು ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದರು. ನಮ್ಮವರಲ್ಲಿ ಮಾತಿಗೆ ಯಾರು ಹಣ ಕೊಡುತ್ತಾರೆ? ಡಾಕ್ಟರಿಗೆ ಕೊಡುತ್ತಾರೆ, ವಕೀಲರಿಗೆ ಕೊಡುತ್ತಾರೆ. "ಅವರು ಹೊರಗಿನವರ್ರಿ, ಸೂರ್ಯಕಾಂತ ನಮ್ಮವನಲ್ಲೇನು?" ಎನ್ನುತ್ತಾರೆ. ಎರಡು ತಾಸು ಲೆಕ್ಕ ಹಾಕಿಸಿಕೊಂಡು ಏಳುವಾಗ ನನಗೆ ಕುಂಕುಮ ಹಚ್ಚಿ ಒಂದು ಕುಪ್ಪಸದ ಖಣ, ತೆಂಗಿನಕಾಯಿ ಕೊಡುತ್ತಿದ್ದರು. ನಮ್ಮ ಮನೆಯ ಕಪಾಟಿನಲ್ಲಿ ಬಣ್ಣಬಣ್ಣದ ಖಣಗಳ ಅಂಗಡಿ ಇಡುವಷ್ಟು ಸೇರಿತು. ಕಾಯಿ ಚಟ್ನಿಗೆ ಮಾತ್ರ ನಮ್ಮಲ್ಲಿ ಬರವಿರಲಿಲ್ಲ.

ಇದೆಲ್ಲದರ ನಡುವೆ ಸಿಕ್ಕವನು ಚಂದ್ರಹಾಸ. ಸಿಂಧನೂರಿನ ಹುಡುಗ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಮಣಿಕೊಂಡದಲ್ಲಿ ಹೊಸ ಫ್ಲಾಟು. ಇಪ್ಪತ್ತು ವರ್ಷದ ಸಾಲ. ಮನೆಯಲ್ಲಿ ತಾಯಿ ಬಸಲಿಂಗಮ್ಮ, ಹೆಂಡತಿ ಅಹಲ್ಯಾ, ಆಗಷ್ಟೇ ನಡೆಯಲು ಕಲಿತ ಮಗಳು ಚಿತ್ರಾ. ನಮ್ಮನ್ನು ಕಾಕಾ, ಕಾಕು ಎನ್ನುತ್ತಿದ್ದ. ನಗು ಅವನ ಬಾಯಲ್ಲಿ ಸದಾ ತಯಾರಿರುತ್ತಿತ್ತು. ಸಾಲದ ಮೇಲೆ ಮನೆ ಕೊಂಡವನಿಗೆ ಏನಾದರೂ ಆದರೆ ಬ್ಯಾಂಕಿನವರು ಮನೆಯನ್ನೇ ತೆಗೆದುಕೊಳ್ಳುತ್ತಾರೆ, ಹೆಂಡತಿ ಮಗು ಬೀದಿಗೆ ಬರುತ್ತಾರೆ ಎಂದು ಇವರು ಹೇಳಿದ್ದು ಅವನಿಗೆ ತಕ್ಷಣ ಅರ್ಥವಾಗಿತ್ತು.

ಬಸಲಿಂಗಮ್ಮನವರಿಗೆ ಅರ್ಥವಾಗುವುದು ಬೇಕಿರಲಿಲ್ಲ. ಮೊದಲ ಸಲ ಮಂಡಕ್ಕಿ ಒಗ್ಗರಣೆಯ ಸೂಸಲಾ, ಮಿರ್ಚಿ ಕೊಟ್ಟು ಉಪಚಾರ ಮಾಡಿದರು. ಪ್ರಶ್ನೆ ಕೇಳಿದ್ದೇ ತಡ, ತಾಟು ಕೆಳಗಿಟ್ಟರು.

"ಹೊಸ ಮನ್ಯಾಗ ದೀಪ ಹಚ್ಚಿ ವರ್ಷ ಆಗಿಲ್ಲಪಾ. ಇದೇನು ಮಾತು ತಂದಿ? ಬಿಡ್ತು ಅನ್ನು!"

"ಬಿಡ್ತು," ಎಂದರು ಇವರು. ಆದರೆ ಎದ್ದು ಬರಲಿಲ್ಲ, ಅಲ್ಲೇ ಕೂತರು. ಅಹಲ್ಯಾ ಅಡುಗೆ ಮನೆಯ ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದಳು. ಕೂಗಿದರೂ ಬರಲಿಲ್ಲ.

ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಚಂದ್ರಹಾಸನೇ ಬೇಸತ್ತು, "ಕಾಕಾ, ಅಕಿನ್ನ ಬಿಡ್ರಿ. ಎಲ್ಲಿ ಸೈ ಮಾಡ್ಬೇಕು ಹೇಳ್ರಿ, ಮಾಡ್ತೀನಿ, ಮುಗೀತು," ಎಂದ. ಇವರು ಫಾರ್ಮು ಚೀಲದೊಳಗೆ ಹಾಕಿಕೊಂಡರು. "ಅಕಿ ಹೇಳ್ದ ಹೊರತು ಆಗಂಗಿಲ್ಲಪಾ. ಅಕಿಗೆ ಏನು ಬೇಕಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ." ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಬೈದೆ. ಕೈಗೆ ಬಂದ ಗಿರಾಕಿಯನ್ನು ಕಾಲಿನಿಂದ ಒದೆಯುವ ವ್ಯಾಪಾರ ಇದೊಂದೇ ಎಂದೆ. ಇವರು ಕಿಟಕಿಯ ಹೊರಗೆ ನೋಡುತ್ತ, "ತುಳಸಾಬಾಯಿಗೂ ಯಾರರ ಒಮ್ಮೆ ಕೇಳಬೇಕಿತ್ತು," ಎಂದರು.

ನಾಲ್ಕನೆಯ ಸಲ ಹೋದಾಗ ಬಸಲಿಂಗಮ್ಮ ಊರಿಗೆ ಹೋಗಿದ್ದರು. ಅಹಲ್ಯಾ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲಿ ಕೂತಳು.

"ಕೇಳ್ರಿ ಕಾಕಾ."

ಇವರು ಕೇಳಿದರು. ಸುತ್ತಿ ಬಳಸಿ ಕೇಳುವ ಮನುಷ್ಯ ಇವರಲ್ಲ. ಚಂದ್ರಹಾಸ ನಾಳೆ ಸತ್ತರೆ ನೀನು ಎಲ್ಲಿರುತ್ತೀ, ಏನು ಮಾಡುತ್ತೀ ಎಂದೇ ಕೇಳಿದರು. ಅಹಲ್ಯಾ ನೆಲ ನೋಡಿದಳು. "ರಾಯಚೂರಿಗೆ ಹೋಗ್ತೀನ್ರಿ. ತಮ್ಮನ ಮನ್ಯಾಗ ಇರ್ತೀನಿ," ಎಂದಳು.

ಚಂದ್ರಹಾಸ ನಕ್ಕ. "ನಿನ್ನ ತಮ್ಮನ ಹೆಂಡ್ತಿ ಎಷ್ಟು ದಿನ ರೊಟ್ಟಿ ಹಾಕ್ತಾಳ ನಿನಗ?"

ಆಗ ಅವಳಿಗೆ ಸಿಟ್ಟು ಬಂತು. ತಲೆ ಎತ್ತಿ ಗಂಡನನ್ನೇ ನೋಡುತ್ತ ಹೇಳಿದಳು: "ಹಂಗಾದ್ರ ಎಲ್ಲೂ ಹೋಗಂಗಿಲ್ಲ. ಇಲ್ಲೇ ಇರ್ತೀನಿ. ಚಿತ್ರಾನ ಇಲ್ಲೇ ಸಾಲಿಗೆ ಹಾಕ್ತೀನಿ. ಈ ಮನಿ ಯಾರಿಗೂ ಬಿಟ್ಟುಕೊಡಂಗಿಲ್ಲ." ಹೇಳಿ ಮುಗಿಸಿ ಮೊಣಕಾಲಿನಲ್ಲಿ ಮುಖವಿಟ್ಟು ಅತ್ತಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ. ಇವರು ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡು, ಸಾಲ ತೀರಿ, ಮಗು ಓದಿ, ಮನೆ ಉಳಿಯುವಷ್ಟು ವಿಮೆಯ ಲೆಕ್ಕ ಹಾಕಿದರು.

ಅದು, ಕಟ್ಟಿದವನು ಬದುಕಿದ್ದರೆ ಒಂದು ಪೈಸೆಯೂ ವಾಪಸು ಬಾರದ ಪಾಲಿಸಿ. ಸೈ ಮಾಡುತ್ತ ಚಂದ್ರಹಾಸ, "ಅಂದ್ರ ನನಗ ಲುಕ್ಸಾನ ಆಗ್ಲಿ ಅಂತ ಎಲ್ಲಾರೂ ಬೇಡ್ಕೋಬೇಕು ಅಲ್ರಿ ಕಾಕಾ?" ಎಂದ. "ಹೌದಪಾ, ಭರಪೂರ ಲುಕ್ಸಾನ ಆಗ್ಲಿ ನಿನಗ," ಎಂದು ಇವರೂ ನಕ್ಕರು. ಅಳುತ್ತಿದ್ದ ಅಹಲ್ಯಾಳೂ ಮೂಗು ಒರೆಸಿಕೊಂಡು ನಕ್ಕಳು. ಇವರು ಕಾರ್ಖಾನೆ ಬಿಟ್ಟ ಮೇಲೆ ನಾನು ಕಂಡ ಒಳ್ಳೆಯ ದಿನ ಅದು. ವಾಪಸು ಬರುತ್ತ ಕೂಕಟ್‌ಪಲ್ಲಿಯಲ್ಲಿ ಬಸ್ಸಿಳಿದು ಬಿಸಿ ಬಿಸಿ ಭಜಿ ಕೊಡಿಸಿದರು. ನಾನೂ ಆ ದಿನ ಏನೂ ಬೈಯಲಿಲ್ಲ.

ಮುಂದಿನ ವರ್ಷದ ಮಳೆಗಾಲ. ರವಿವಾರ ಬೆಳಿಗ್ಗೆ ಚಂದ್ರಹಾಸನ ಪಕ್ಕದ ಮನೆಯವರು ಫೋನು ಮಾಡಿದರು. ಆ ಅಪಾರ್ಟ್‌ಮೆಂಟಿನ ವಾಚ್‌ಮನ್ ಊರಿಗೆ ಹೋಗಿದ್ದನಂತೆ. ನಲ್ಲಿಯಲ್ಲಿ ನೀರು ನಿಂತಿತ್ತು. ಚಂದ್ರಹಾಸ ಮೋಟರು ಹಾಕಿ ಬರುತ್ತೇನೆಂದು ಸೆಲ್ಲಾರಿಗೆ ಇಳಿದ. ಸೆಲ್ಲಾರೆಂದರೆ ಕಟ್ಟಡದ ಬುಡದಲ್ಲಿ ಗಾಡಿ ನಿಲ್ಲಿಸುವ ಜಾಗ. ರಾತ್ರಿಯ ಮಳೆಗೆ ಅಲ್ಲಿ ನೀರು ನಿಂತಿತ್ತು. ಬರಿಗಾಲಲ್ಲಿ ಆ ನೀರಿನಲ್ಲಿ ನಿಂತು ಮೋಟರಿನ ಕಬ್ಬಿಣದ ಪೆಟ್ಟಿಗೆಗೆ ಕೈ ಹಾಕಿದ. ಅಷ್ಟೇ.

ನಾವು ಹೋಗಿ ಮುಟ್ಟುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದು ಅಲ್ಲಿ ಜೀವವಿಲ್ಲ ಎನಿಸಿಕೊಂಡಾಗಿತ್ತು. ಪೊಲೀಸರ ಕೆಲಸ ಮುಗಿದು ಹೆಣ ಮನೆಗೆ ಬಂದದ್ದು ಮರುದಿನ. ಮಣ್ಣು ಮಾಡಲು ಸಿಂಧನೂರಿಗೆ ಒಯ್ಯುವ ವ್ಯಾನು ಗೇಟಿನಲ್ಲಿ ನಿಂತಿತ್ತು. ಬಸಲಿಂಗಮ್ಮ ಇವರನ್ನು ಕಂಡು ಅಳು ನಿಲ್ಲಿಸಿದರು.

"ಬಾರಪಾ, ಬಾ," ಎಂದರು. "ನೀ ಕೇಳಿದ್ದು ಆತು ನೋಡು."

ಮಗನನ್ನು ಕಳೆದುಕೊಂಡ ಮುದುಕಿಯ ಮೇಲೆ ಸಿಟ್ಟಾಗುವುದು ಹೇಗೆ? ಆದರೂ ಕೇಳುತ್ತೇನೆ: ಪ್ರಶ್ನೆ ಕೇಳಿದ್ದಕ್ಕೆ ಯಾರಾದರೂ ಸಾಯುತ್ತಾರೆಯೇ?

ವ್ಯಾನು ಹೋಯಿತು. ಇವರು ಸೆಲ್ಲಾರಿಗೆ ಇಳಿದು ನಿಂತುಬಿಟ್ಟಿದ್ದರು. ಮೆಟ್ಟಿಲ ಪಕ್ಕದ ಗೋಡೆಗೆ ಆ ಪೆಟ್ಟಿಗೆ. ಇವರು ಬಗ್ಗಿ ಅದರ ಕೆಳಗೆ, ಹಿಂದೆ ನೋಡಿದರು. ನಾನು ಹತ್ತಿರ ಹೋದೆ.

"ಅರ್ಥಿಂಗ್ ಕೊಟ್ಟೇ ಇಲ್ಲ ರಶ್ಮಿ," ಎಂದರು. ಗೋಡೆಯಿಂದ ಒಂದು ಹಸಿರು ತಂತಿ ಸುರುಳಿ ಸುತ್ತಿಕೊಂಡು ಜೋತು ಬಿದ್ದಿತ್ತು. ಕರೆಂಟು ಸೋರಿದರೆ ನೆಲಕ್ಕೆ ಇಳಿಸುವ ತಂತಿ ಅದಂತೆ. ಪೆಟ್ಟಿಗೆಗೆ ಜೋಡಿಸಿದ್ದರೆ ಚಂದ್ರಹಾಸ ಬದುಕುತ್ತಿದ್ದ. ಯಾವನೋ ಎಲೆಕ್ಟ್ರಿಷಿಯನ್ ನಾಳೆ ಜೋಡಿಸಿದರಾಯಿತು ಎಂದು ಬಿಟ್ಟು ಹೋಗಿದ್ದ.

"ನಾಲ್ಕು ಸಲ ಇದರ ಮುಂದಿಂದ ಮ್ಯಾಲ ಹತ್ತೀನಿ," ಎಂದರು ಇವರು. "ನಾಲ್ಕು ಸಲ. ಕಾರ್ಖಾನ್ಯಾಗಿದ್ದಾಗ ಇಂಥಾದ್ದು ನನ್ನ ಕಣ್ಣು ತಪ್ಪಿಸ್ತಿತ್ತೇನು? ಹತ್ತುಕೋತ ಹೆಂಗ ಕೇಳ್ಬೇಕು, ಏನ್ ಕೇಳ್ಬೇಕು ಅಂತ ತಲ್ಯಾಗ ಅದೇ ಇತ್ತು."

ನಾನು ಜಗಳಕ್ಕೇ ನಿಂತೆ. ತಂತಿ ಬಿಟ್ಟವನು ಎಲೆಕ್ಟ್ರಿಷಿಯನ್. ನೋಡದೆ ಮನೆ ಮಾರಿದವನು ಬಿಲ್ಡರು. ಆ ಕಟ್ಟಡದಲ್ಲಿ ಇಂಜಿನಿಯರಿಂಗ್ ಓದಿದವರು ಮಹಡಿಗೆ ನಾಲ್ಕು ಜನರಿದ್ದಾರೆ, ದಿನಾ ಅಲ್ಲೇ ಗಾಡಿ ನಿಲ್ಲಿಸುತ್ತಾರೆ. ಅವರಿಗಿಲ್ಲದ ಪಾಪ ನಿಮಗೆಲ್ಲಿಂದ ಬಂತು ಎಂದೆ. ಇವರು ಆ ತಂತಿಯ ತುದಿ ನೋಡುತ್ತಲೇ ಇದ್ದರು, ನನ್ನ ಮಾತು ಕಿವಿಗೆ ಹೋದಂತೆ ಕಾಣಲಿಲ್ಲ.

ಅದಾದ ಮೇಲೆ ಇವರು ಅಹಲ್ಯಾಳ ಪರವಾಗಿ ಅಲೆದದ್ದನ್ನು ನಾನು ಬಲ್ಲೆ. ಪೊಲೀಸ್ ಠಾಣೆ, ಆಸ್ಪತ್ರೆ, ವಿಮೆ ಆಫೀಸು, ಬ್ಯಾಂಕು. ಎಲ್ಲ ಕಡೆಗೂ ಅವಳ ತಮ್ಮನನ್ನು ಜೊತೆಗೆ ಕರೆದುಕೊಂಡು ಇವರೇ ಹೋದರು. ಎಲ್ಲಿಯೂ ಒಂದು ಕಾಗದ ತಪ್ಪಲಿಲ್ಲ, ಒಂದು ಸೈ ಬಾಕಿ ಇರಲಿಲ್ಲ. ಗುರುಸಿದ್ದಪ್ಪನ ಹೆಂಡತಿಗೆ ಒಂದು ವರ್ಷ ಅಲೆದರೂ ಸಿಗದಿದ್ದದ್ದು ಅಹಲ್ಯಾಳಿಗೆ ಮನೆಯಲ್ಲಿ ಕೂತಲ್ಲಿಗೇ ಬಂತು. ಸಾಲ ಪೂರ್ತಿ ತೀರಿತು. ಮಗುವಿನ ಓದಿಗೆ, ಮನೆ ಖರ್ಚಿಗೆ ಬೇಕಾದಷ್ಟು ಉಳಿಯಿತು. ಬ್ಯಾಂಕಿನವರ ಪತ್ರ ಬಂದ ದಿನ ಇವರು ಅದನ್ನು ನನ್ನ ಮುಂದೆ ಇಟ್ಟು, "ನಿಂತಿತು ರಶ್ಮಿ," ಎಂದ ದನಿಯಲ್ಲಿ ಸಂತೋಷವಿರಲಿಲ್ಲ, ಆದರೆ ಸ್ವಲ್ಪ ಸಮಾಧಾನವಿತ್ತು. ಕಾರ್ಖಾನೆ ಬಿಟ್ಟಾಗ ಬೇಡಿದ್ದ ಆ ಒಂದು ಮನೆ ಸಿಕ್ಕಿತ್ತು.

ಆಮೇಲೆ ಅಸಹ್ಯವಾದದ್ದು ಒಂದಾಯಿತು. ನಮ್ಮ ಫೋನು ಬಡಿದುಕೊಳ್ಳಲು ಶುರುವಾಯಿತು. ಚಂದ್ರಹಾಸನ ಮನೆಗೆ ಪೂರಾ ಹಣ ಬಂತಂತೆ, ಸಾಲ ತೀರಿತಂತೆ ಎಂಬ ಸುದ್ದಿ ನಮ್ಮವರ ಮನೆಮನೆಗೂ ಹೋಗಿತ್ತು. "ಬಿಡ್ತು ಅನ್ರಿ" ಎಂದು ಎದ್ದು ನಿಂತಿದ್ದ ಅತ್ತೆಯಂದಿರೇ ಸೊಸೆಯರನ್ನು ಮುಂದೆ ಮಾಡಿಕೊಂಡು ಮನೆಗೆ ಬಂದರು. ಮದುವೆ ಊಟದಲ್ಲಿ ಇವರ ಪಕ್ಕದ ಎಲೆಗೆ ಪೈಪೋಟಿ. ಒಬ್ಬ ಹೆಂಗಸು ನನ್ನನ್ನು ಮೂಲೆಗೆ ಕರೆದು, "ನಾ ಉತ್ತರ ತಯಾರ ಮಾಡ್ಕೊಂಡು ಬಂದೀನಿ ವೈನಿ, ಲಗೂನ ಕೇಳಾಕ ಹೇಳ್ರಿ," ಎಂದಳು. ಫೀಸು ಎಷ್ಟು ಎಂದು ಅವರೇ ಕೇಳಿದರು. ಒಬ್ಬ ಹುಡುಗ ಸತ್ತ ಮೇಲೆ ನಮ್ಮ ಜನಕ್ಕೆ ಇವರ ಮಾತಿನ ಬೆಲೆ ತಿಳಿಯಿತು, ಏನು ಹೇಳಲಿ. ಇವರು ಯಾರಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಹಲ್ಯಾಳ ಕೈಗೆ ಮನೆಯ ಪತ್ರಗಳನ್ನು ಮುಟ್ಟಿಸಿದ ಮೇಲೆ ನೋಡೋಣ ಎಂದರು.

ಅಡವಿಟ್ಟ ಪತ್ರಗಳನ್ನು ಬ್ಯಾಂಕಿನಿಂದ ಬಿಡಿಸಿಕೊಂಡು ನಾವಿಬ್ಬರೂ ಮಣಿಕೊಂಡಕ್ಕೆ ಹೋದೆವು. ಸೆಲ್ಲಾರಿನಲ್ಲಿ ಹೊಸ ಪೆಟ್ಟಿಗೆ ಕೂಡಿಸಿದ್ದರು. ಇವರು ಅತ್ತ ನೋಡದೆ ಮೆಟ್ಟಿಲು ಹತ್ತಿದರು. ಬಸಲಿಂಗಮ್ಮ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಹಲ್ಯಾ ಪತ್ರಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒಮ್ಮೆ ನೋಡಿ, ಮೇಜಿನ ಮೇಲಿಟ್ಟಳು. ಚಹಾ ಮಾಡಿ ತಂದಳು. ಹಣವನ್ನು ಎಲ್ಲೆಲ್ಲಿ ಇಡಬೇಕು, ಯಾರು ಬಂದು ಕೇಳಿದರೂ ಹೇಗೆ ಇಲ್ಲ ಅನ್ನಬೇಕು ಎಂದು ಇವರು ಹೇಳುತ್ತ ಹೋದರು. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಆಮೇಲೆ ಕೇಳಿದಳು:

"ಕಾಕಾ, ನೀವು ಮೊದಲ ಇಂಜಿನಿಯರ್ ಇದ್ರಂತ, ಹೌದೇನ್ರಿ?"

"ಹೌದವ್ವಾ."

"ಏನ್ ಕೆಲಸ ಇತ್ರಿ?"

"ಬಾಯ್ಲರ್ ಒಡದು ಮಂದಿ ಸಾಯಬಾರದಂತ ನೋಡೋದವ್ವಾ. ಪರೀಕ್ಷೆ ಮಾಡೋದು."

ಅಹಲ್ಯಾಳ ಮುಂದಿನ ಮಾತಿನಲ್ಲಿ ಕುಹಕವಿರಲಿಲ್ಲ, ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ನಿಜವಾಗಿಯೂ ಗೊತ್ತಿಲ್ಲದ್ದನ್ನು ಕೇಳುವವರ ಹಾಗೆ ಕೇಳಿದಳು.

"ಮತ್ತ ಅದನ್ನ ಯಾಕ ಬಿಟ್ರಿ?"

ಇವರು ಈ ಪ್ರಶ್ನೆಗೆ ಊರಿಗೆಲ್ಲ ಉತ್ತರ ಕೊಟ್ಟವರು. ತುಳಸಾಬಾಯಿಯ ಕಥೆಯನ್ನು ಎಷ್ಟು ಮನೆಗಳಲ್ಲಿ ಹೇಳಿದ್ದಾರೋ ಲೆಕ್ಕವಿಲ್ಲ. ಅಂದು ಬಾಯಿಂದ ಬಂದದ್ದು ಒಂದೇ ಮಾತು: "ಮನಿ ಉಳೀಬೇಕಂತ ಬಿಟ್ಟೆನವ್ವಾ."

ಅಹಲ್ಯಾ ಗೋಡೆಗಳನ್ನು, ಬಾಗಿಲನ್ನು, ಮೇಜಿನ ಮೇಲಿದ್ದ ಪತ್ರಗಳನ್ನು ನೋಡಿದಳು.

"ಮನಿ ಉಳೀತ್ರಿ ಕಾಕಾ," ಎಂದಳು. "ಅವರು ಸತ್ರ ನಾ ಎಲ್ಲಿರ್ತೀನಂತ ನಾಲ್ಕು ಸಲ ಬಂದು ಕೇಳಿದ್ರಿ. ಅವರು ಸಾಯದಂಗ ಏನ್ ಮಾಡ್ಬೇಕಂತ ಒಮ್ಮೆನೂ ಯಾರೂ ಕೇಳಲಿಲ್ಲ."

ನನಗೆ ಅವಳ ಮೇಲೆ ಸಿಟ್ಟು ಬಂತು. ಈಗಲೂ ಇದೆ. ಅವಳು ಕೂತಿದ್ದ ಮನೆಯ ಒಂದೊಂದು ಇಟ್ಟಿಗೆಯನ್ನೂ ಇವರು ಉಳಿಸಿಕೊಟ್ಟಿದ್ದರು. ಅದನ್ನು ಹೇಳಲು ನಾನು ಬಾಯಿ ತೆರೆದೆ, ಆದರೆ ಅಷ್ಟರಲ್ಲಿ ಇವರ ಮುಖ ಕಂಡಿತು. ಇವರಿಗೆ ಸಿಟ್ಟು ಬಂದಿರಲಿಲ್ಲ, ನೋವಾದಂತೆಯೂ ಕಾಣಲಿಲ್ಲ. ಅವಳು ಹೇಳಿದ್ದನ್ನು ಮೊದಲೇ ಒಪ್ಪಿಕೊಂಡಿದ್ದವರ ಮುಖ ಅದು. "ಹೌದವ್ವಾ," ಎಂದು ಎದ್ದು ನಿಂತರು. ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಎರಡು ಮನೆಯ ಗಂಡ ಹೆಂಡತಿಯರು ಕಾಯುತ್ತಿದ್ದರು. ಇವರು ಈಗ ಆ ಕೆಲಸ ಬಿಟ್ಟಿದ್ದಾರೆ ಎಂದು ನಾನೇ ಹೇಳಿ ಕಳಿಸಿದೆ. ಇವರು ಅಡ್ಡ ಬರಲಿಲ್ಲ.